ಮಲಾಡಿನಿಂದ ಅಕ್ರಾಗೆ: ಘಾನಾ ಪ್ರವಾಸದ ವೀಸಾ ಮತ್ತು ಪ್ರವೇಶ ನಿಯಮಗಳು

ಘಾನಾ ಪಶ್ಚಿಮ ಆಫ್ರಿಕದ ಗಿನಿ ಕೊಲ್ಲಿಯ ದಂಡೆಯಲ್ಲಿರುವ ಗಣರಾಜ್ಯ. ರಾಜಧಾನಿ ಅಕ್ರಾ. ಪಶ್ಚಿಮಕ್ಕೆ ಐವರಿ ಕೋಸ್ಟ್, ಉತ್ತರಕ್ಕೆ ಬುರ್ಕಿನಾ ಫಾಸೊ, ಪೂರ್ವಕ್ಕೆ ಟೋಗೊ, ದಕ್ಷಿಣಕ್ಕೆ ಕಡಲು. ಬ್ರಿಟಿಷರ ಆಳ್ವಿಕೆಯಲ್ಲಿ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಈ ನಾಡು 1957ರ ಮಾರ್ಚ್ 6ರಂದು ಸ್ವತಂತ್ರವಾಯಿತು. ಸಾಮಾನ್ಯ ಪಾಸ್‌ಪೋರ್ಟ್ ಹಿಡಿದ ಭಾರತೀಯ ಪ್ರವಾಸಿ ಘಾನಾಕ್ಕೆ ಹೋಗಬೇಕಾದರೆ ಮೂರು ಕಡೆಯ ಒಪ್ಪಿಗೆ ಬೇಕು: ದೆಹಲಿಯಲ್ಲಿರುವ ಘಾನಾ ಹೈಕಮಿಷನ್ ಕೊಡುವ ವೀಸಾ, ಮಾನ್ಯತೆ ಪಡೆದ ಲಸಿಕೆ ಕೇಂದ್ರ ಕೊಡುವ ಹಳದಿ ಪುಸ್ತಕ (ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ), ಅಕ್ರಾದಲ್ಲಿ ಇಳಿದ ಮೇಲೆ ವಲಸೆ ಅಧಿಕಾರಿ ಒತ್ತುವ ಮೊಹರು. ಹೊರಡುವವರ ಚಿಂತೆಯೆಲ್ಲ ಮೊದಲನೆಯದರ ಸುತ್ತಲೇ ಇರುತ್ತದೆ; ಎಡವುವುದು ಹೆಚ್ಚಾಗಿ ಉಳಿದೆರಡರಲ್ಲಿ. ಅದರಲ್ಲೂ ಹಳದಿ ಪುಸ್ತಕವನ್ನು ಹೋಗುವಾಗ ಘಾನಾ ಕೇಳಿದರೆ, ಬರುವಾಗ ಅದಕ್ಕಿಂತ ಬಿಗಿಯಾಗಿ ಭಾರತವೇ ಕೇಳುತ್ತದೆ.

ಈ ಲೇಖನ ಮುಂಬಯಿಯ ಪಶ್ಚಿಮ ಉಪನಗರ ಮಲಾಡಿನಲ್ಲಿ ನೆಲೆಸಿದ ಪ್ರವಾಸಿಯನ್ನು ಮುಂದಿಟ್ಟುಕೊಂಡು ಬರೆದದ್ದು. ಕನ್ನಡಿಗರು, ತುಳುವರು ತಲೆಮಾರುಗಳಿಂದ ಬೇರುಬಿಟ್ಟಿರುವ ಉಪನಗರಗಳಲ್ಲಿ ಇದೂ ಒಂದು. ಪಾಸ್‌ಪೋರ್ಟ್ ಸೇವಾ ಕೇಂದ್ರ ಮಲಾಡಿನಲ್ಲೇ ಇದೆ, ಸಹಾರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸ್ವಲ್ಪವೇ ದೂರ. ದೂರವಿರುವುದು ವೀಸಾ ಕೊಡುವ ಕಚೇರಿ ಮಾತ್ರ.

ಎರಡು ದೇಶಗಳ ನಂಟು ಹಳೆಯದು. ಗೋಲ್ಡ್ ಕೋಸ್ಟ್ ಇನ್ನೂ ವಸಾಹತಾಗಿದ್ದಾಗಲೇ, 1953ರಲ್ಲಿ, ಭಾರತ ಅಕ್ರಾದಲ್ಲಿ ಪ್ರತಿನಿಧಿ ಕಚೇರಿ ತೆರೆಯಿತು. ಸ್ವಾತಂತ್ರ್ಯ ಬಂದ ವರ್ಷವೇ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. ಸಿಂಧಿ ವರ್ತಕರು ಅದಕ್ಕೂ ಮೊದಲೇ ಅಲ್ಲಿ ಅಂಗಡಿ ಹೂಡಿದ್ದರು. ಅಧ್ಯಕ್ಷರ ಕಚೇರಿಯಾದ ಜುಬಿಲಿ ಹೌಸ್ ಭಾರತದ ಸಾಲದ ನೆರವಿನಿಂದ ಕಟ್ಟಿದ್ದು. ಘಾನಾದವರೇ ಆದ ಸ್ವಾಮಿ ಘಾನಾನಂದ ಸರಸ್ವತಿ 1975ರಲ್ಲಿ ಅಕ್ರಾದಲ್ಲಿ ಹಿಂದೂ ಮಠ ಸ್ಥಾಪಿಸಿದರು. 2025ರ ಜುಲೈಯಲ್ಲಿ ಪ್ರಧಾನಿ ನರೇಂದ್ರ ಮೋದಿ ಘಾನಾಕ್ಕೆ ಭೇಟಿಕೊಟ್ಟರು. ಇಷ್ಟೆಲ್ಲ ಸ್ನೇಹವಿದ್ದರೂ ಭಾರತೀಯ ಪ್ರವಾಸಿಗೆ ವೀಸಾ ಬಿಡುಗಡೆ ದೊರೆತಿಲ್ಲ. ದೇಶಗಳ ಸ್ನೇಹ ಬೇರೆ, ವೀಸಾ ಕಿಟಕಿಯ ಲೆಕ್ಕ ಬೇರೆ.

ಪಾಸ್‌ಪೋರ್ಟ್

ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ. ಮುಂಬಯಿ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ 2017ರಿಂದ ಬಾಂದ್ರಾ-ಕುರ್ಲಾ ಸಂಕೀರ್ಣದ ವಿದೇಶ ಭವನದಲ್ಲಿದೆ. ಅರ್ಜಿದಾರರು ನೇರವಾಗಿ ಅಲ್ಲಿಗೆ ಹೋಗಬೇಕಾಗಿಲ್ಲ. ಅಂಧೇರಿ, ಲೋವರ್ ಪರೇಲ್, ಮಲಾಡ್ ಸೇವಾ ಕೇಂದ್ರಗಳಲ್ಲಿ ಒಂದನ್ನು ಆರಿಸಿ ಸಮಯ ಗೊತ್ತುಮಾಡಿಕೊಂಡು ಹೋದರೆ ಸಾಕು. ಪೊಲೀಸ್ ವಿಚಾರಣೆ ವಾಸದ ವಿಳಾಸಕ್ಕೆ ಸೇರಿದ ಠಾಣೆಯದು. ಮಲಾಡ್ ಎಂದರೆ ಒಂದೇ ಠಾಣೆ ಎಂದುಕೊಳ್ಳಬಾರದು: ಮಾಲ್ವಣಿಯವರಿಗೆ ಮಾಲ್ವಣಿ ಠಾಣೆ, ಪೂರ್ವ ಭಾಗದ ಹಲವರಿಗೆ ಕುರಾರ್ ಅಥವಾ ದಿಂಡೋಶಿ. ಅರ್ಜಿಯಲ್ಲಿ ತಪ್ಪು ಠಾಣೆ ನಮೂದಾದರೆ ಕಡತ ಅಲ್ಲಿಂದಿಲ್ಲಿಗೆ ಅಲೆದು ವಾರಗಳು ಹೋಗುತ್ತವೆ. 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ, 60 ಪುಟದ್ದಕ್ಕೆ 2,000 ರೂಪಾಯಿ ಶುಲ್ಕ. ತತ್ಕಾಲ್‌ನಲ್ಲಿ ಬೇಕಾದರೆ ಮೇಲೆ 2,000.

ಪಶ್ಚಿಮ ಆಫ್ರಿಕದ ದೇಶಗಳು ಪ್ರವಾಸ ಮುಗಿದ ಮೇಲೂ ಪಾಸ್‌ಪೋರ್ಟಿಗೆ ಕೆಲವು ತಿಂಗಳ ಆಯುಸ್ಸು ಉಳಿದಿರಬೇಕೆಂದು ಬಯಸುತ್ತವೆ. ಆರು ತಿಂಗಳು ಎಂದು ಹಿಡಿದುಕೊಂಡರೆ ಎಲ್ಲೂ ತೊಡಕಿಲ್ಲ. ವೀಸಾ ಚೀಟಿಗೆ, ಮೊಹರುಗಳಿಗೆ ಎರಡು ಮೂರು ಖಾಲಿ ಪುಟಗಳೂ ಬೇಕು. ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟಿನಲ್ಲಿ ಕಾಣುವ ಇ.ಸಿ.ಆರ್. (ವಲಸೆ ತಪಾಸಣೆ ಅಗತ್ಯ) ಮುದ್ರೆ ಇಲ್ಲಿ ಅಡ್ಡಿಯಾಗದು. ಅದು 1983ರ ವಲಸೆ ಕಾಯ್ದೆಯಡಿ ಗೊತ್ತುಪಡಿಸಿದ 18 ದೇಶಗಳಿಗೆ ದುಡಿಮೆಗೆ ಹೋಗುವವರಿಗೆ ಮಾತ್ರ. ಆ ಪಟ್ಟಿಯಲ್ಲಿ ಘಾನಾ ಇಲ್ಲ.

ಕನ್ನಡಿಗರಿಗೆ ನಿಜವಾದ ತೊಡಕು ಹೆಸರಿನದು. ಕರಾವಳಿಯ ಶೆಟ್ಟಿ, ಪೂಜಾರಿ, ಕಾಮತರಿಗೆ ಕುಲನಾಮದ ಅಂಕಣ ತುಂಬುವುದು ಸಲೀಸು. ಹಳೆ ಮೈಸೂರಿನ ಕಡೆ ಊರಿನ, ತಂದೆಯ ಹೆಸರಿನ ಮೊದಲಕ್ಷರಗಳನ್ನೇ ಮುಂದಿಟ್ಟುಕೊಂಡು ಬದುಕಿದವರಿಗೆ ಹಾಗಲ್ಲ. ಪಾಸ್‌ಪೋರ್ಟಿನಲ್ಲಿ ಮೊದಲಕ್ಷರಗಳನ್ನು ಬಿಡಿಸಿ ಬರೆಯಬೇಕು. ಎಷ್ಟೋ ಜನರ ಪೂರ್ತಿ ಹೆಸರು ಒಂದೇ ಅಂಕಣದಲ್ಲಿ ಕೂತು ಕುಲನಾಮದ ಜಾಗ ಖಾಲಿ ಉಳಿಯುತ್ತದೆ. ಘಾನಾ ಇದಕ್ಕೆ ತಲೆಕೆಡಿಸಿಕೊಳ್ಳದೆ ಇರಬಹುದು. ಆದರೆ ದುಬೈಯಲ್ಲಿ ವಿಮಾನ ಬದಲಿಸಿ ಹೋಗುವ ದಾರಿಯ ಕತೆ ಬೇರೆ: ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ಸಾರಿತು. ನಿಲ್ದಾಣದೊಳಗೇ ವಿಮಾನ ಬದಲಿಸುವವರಿಗೆ ಇದರ ಬಿಸಿ ತಟ್ಟದು, ಹೊರಗೆ ಕಾಲಿಡುವವರಿಗೆ ತಟ್ಟುತ್ತದೆ. ಟಿಕೆಟ್, ವೀಸಾ, ಹಳದಿ ಪುಸ್ತಕ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಬೇಕು. ಅಡ್ಡಹೆಸರು, ಮನೆಹೆಸರು, ಮದುವೆಯ ನಂತರದ ಹೆಸರು ಯಾವುದೂ ಕೂಡದು.

ಮಕ್ಕಳಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರವೆಂದು 2025ರ ತಿದ್ದುಪಡಿ ನಿಯಮ ಹೇಳುತ್ತದೆ.

ವೀಸಾ

ಘಾನಾದ ವಲಸೆ ವ್ಯವಹಾರ ನಡೆಯುವುದು 2000ದ ವಲಸೆ ಕಾಯ್ದೆಯಂತೆ, ಅಂದರೆ ಆ ದೇಶದ 573ನೆಯ ಕಾಯ್ದೆಯಂತೆ. ಜಾರಿಮಾಡುವುದು ಘಾನಾ ಇಮಿಗ್ರೇಷನ್ ಸರ್ವಿಸ್. ಪ್ರವಾಸಿಗೆ ಏಕಪ್ರವೇಶ, ಬಹುಪ್ರವೇಶ ಎಂಬ ಎರಡು ಬಗೆಯ ವೀಸಾಗಳಿವೆ. ಬೇರೆ ದೇಶಕ್ಕೆ ದಾಟಿಹೋಗುವವರಿಗೆ ಟ್ರಾನ್ಸಿಟ್ ವೀಸಾ. ಏಕಪ್ರವೇಶದ್ದು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಬಳಸಬೇಕಾದದ್ದು. ಟಿಕೆಟ್ ಅಗ್ಗವಿದೆಯೆಂದು ಬಹಳ ಮುಂಚೆ ಅರ್ಜಿ ಹಾಕಿ, ವೀಸಾ ಕೈಗೆ ಬಂದ ಮೇಲೆ ಪ್ರವಾಸ ಮುಂದೂಡಿದವರ ವೀಸಾ ಮನೆಯಲ್ಲೇ ಮುಗಿದುಹೋಗುತ್ತದೆ.

ಅರ್ಜಿಗೆ ಜೊತೆಯಾಗಬೇಕಾದವು ಎಲ್ಲ ದೇಶಗಳೂ ಕೇಳುವಂಥವೇ: ಪಾಸ್‌ಪೋರ್ಟ್, ಫೋಟೊ, ಹೋಗಿಬರುವ ಟಿಕೆಟ್ಟಿನ ಕಾಯ್ದಿರಿಸುವಿಕೆ, ಹೋಟೆಲ್ ಬುಕಿಂಗ್ ಅಥವಾ ಅಲ್ಲಿಯ ಆತಿಥೇಯರ ಆಹ್ವಾನ ಪತ್ರ, ಖರ್ಚಿಗೆ ಹಣವಿದೆಯೆಂದು ತೋರಿಸುವ ಬ್ಯಾಂಕ್ ವಿವರ, ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದ ಪ್ರತಿ. ಘಾನಾದಲ್ಲಿ ಪರಿಚಯವಿರುವವರ ಹೆಸರು, ವಿಳಾಸವನ್ನೂ ಅರ್ಜಿ ಕೇಳುತ್ತದೆ. ಆಹ್ವಾನವಿದ್ದಲ್ಲಿ ಆತಿಥೇಯರ ಗುರುತಿನ ದಾಖಲೆಯೂ ಬೇಕಾಗುತ್ತದೆ. ವೀಸಾ ನಿರಾಕರಿಸಿದರೂ ಕಟ್ಟಿದ ಶುಲ್ಕ ವಾಪಸು ಬಾರದು. ಮುಂಬಯಿಯವರು ಪಾಸ್‌ಪೋರ್ಟನ್ನು ದೆಹಲಿಗೆ ತಲುಪಿಸಿ ತರಿಸಿಕೊಳ್ಳಬೇಕಾದ್ದರಿಂದ ಹಲವರು ಟ್ರಾವೆಲ್ ಏಜೆಂಟರ ಮೊರೆಹೋಗುತ್ತಾರೆ. ಏಜೆಂಟರ ಕೆಲಸ ಕಾಗದ ಒಯ್ದು ತರುವುದಷ್ಟೇ. ವೀಸಾ ಕೊಡಿಸುತ್ತೇನೆಂದು ಗ್ಯಾರಂಟಿ ಹೇಳುವವರ ಹತ್ತಿರ ಇಲ್ಲದ ಅಧಿಕಾರವನ್ನು ದುಡ್ಡು ಕೊಟ್ಟು ಕೊಂಡಂತಾಗುತ್ತದೆ.

ಇಳಿದ ಮೇಲೆ ಪಡೆಯುವ ವೀಸಾದ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಆಫ್ರಿಕ ಒಕ್ಕೂಟದ ದೇಶಗಳ ನಾಗರಿಕರಿಗೆ ಘಾನಾ 2016ರ ಜುಲೈಯಿಂದ ಇಳಿದ ಮೇಲೆ ವೀಸಾ ಕೊಡತೊಡಗಿತು. 2025ರ ಜನವರಿಯಲ್ಲಿ ಆಫ್ರಿಕದ ಎಲ್ಲ ಪಾಸ್‌ಪೋರ್ಟುಗಳಿಗೂ ವೀಸಾ ಇಲ್ಲದ ಪ್ರವೇಶ ಪ್ರಕಟಿಸಿತು. ಗುಲಾಮರಾಗಿ ಒಯ್ಯಲ್ಪಟ್ಟವರ ವಂಶಸ್ಥರನ್ನು ಮರಳಿ ಬನ್ನಿರೆಂದು ಕರೆದ 2019ರ ‘ಇಯರ್ ಆಫ್ ರಿಟರ್ನ್’ ಕಾರ್ಯಕ್ರಮ ಗೆದ್ದ ಮೇಲೆ ಡಿಸೆಂಬರಿನ ಹಬ್ಬದ ಕಾಲದಲ್ಲಿ ಈ ಸೌಲಭ್ಯವನ್ನು ಇತರರಿಗೂ ಸಡಿಲಿಸಿದ್ದುಂಟು. ಇಂಥ ಸುದ್ದಿಯ ತುಣುಕನ್ನು ವಾಟ್ಸಾಪಿನಲ್ಲಿ ಓದಿ ಭಾರತೀಯರಿಗೂ ಸದಾಕಾಲ ಹೀಗೆಯೇ ಎಂದು ನಂಬಿದರೆ ಸಹಾರದ ಚೆಕ್-ಇನ್ ಕೌಂಟರಿನಲ್ಲೇ ಪ್ರವಾಸ ಮುಗಿಯುತ್ತದೆ. ಬೇರೆ ಕಾಲದಲ್ಲಿ ಇಳಿದ ಮೇಲಿನ ವೀಸಾ ತುರ್ತಿನವರಿಗೆ ಮಾತ್ರ. ಅದಕ್ಕೂ ಆತಿಥೇಯರು ಮುಂಚಿತವಾಗಿ ಇಮಿಗ್ರೇಷನ್ ಸರ್ವಿಸ್‌ನ ಒಪ್ಪಿಗೆ ಪಡೆದು, ಆ ಪತ್ರ ಪ್ರಯಾಣಿಕನ ಕೈಯಲ್ಲಿರಬೇಕು. ಇ-ವೀಸಾ ಪದ್ಧತಿ ತರುವುದಾಗಿಯೂ ಘಾನಾ ಸರ್ಕಾರ ಪ್ರಕಟಿಸಿದೆ. ಆದ್ದರಿಂದ ಅರ್ಜಿಗೆ ಮೊದಲು ಹೈಕಮಿಷನ್ನಿನ ಆ ಹೊತ್ತಿನ ಸೂಚನೆ ನೋಡಲೇಬೇಕು.

ಪ್ರವಾಸಿ ವೀಸಾದಲ್ಲಿ ದುಡಿಯುವಂತಿಲ್ಲ, ವ್ಯಾಪಾರ ಹೂಡುವಂತಿಲ್ಲ. ಘಾನಾ ಈ ವಿಷಯದಲ್ಲಿ ಭಾರತೀಯರ ಮೇಲೆಯೂ ಕಣ್ಣಿಟ್ಟಿದೆ, ಕಾರಣವಿದೆ. ಸಂತೆಯ ಚಿಲ್ಲರೆ ವ್ಯಾಪಾರ, ಬೀದಿ ಮಾರಾಟಗಳನ್ನು 2013ರ ಹೂಡಿಕೆ ಕಾಯ್ದೆ ಘಾನಾ ಪ್ರಜೆಗಳಿಗೇ ಮೀಸಲಿಟ್ಟಿತು; ವಿದೇಶಿಯೊಬ್ಬ ಸರಕು ಕೊಂಡು ಮಾರುವ ವ್ಯವಹಾರಕ್ಕೆ ಇಳಿಯಬೇಕಾದರೆ ಕನಿಷ್ಠ ಹತ್ತು ಲಕ್ಷ ಡಾಲರ್ ಬಂಡವಾಳ, 20 ಮಂದಿ ಘಾನಾ ನೌಕರರು ಇರಬೇಕೆಂದು ವಿಧಿಸಿತು. ‘ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗಿ, ಆಮೇಲೆ ಅಲ್ಲೇ ಪರ್ಮಿಟ್ ಮಾಡಿಸೋಣ’ ಎಂದು ಹುಡುಗರನ್ನು ಕಳಿಸುವ ಏಜೆಂಟರು ಮುಂಬಯಿಯಲ್ಲೂ ಮಂಗಳೂರಿನಲ್ಲೂ ಸಿಗುತ್ತಾರೆ. ಹಾಗೆ ಹೋದವನ ಪಾಡು ಅಲ್ಲಿಯ ಮಾಲೀಕನ ಮರ್ಜಿಗೆ ಬಿಟ್ಟದ್ದು. ಕೆಲಸದ ಪರವಾನಗಿ ಹೊರಡುವ ಮುನ್ನವೇ ಮಾಲೀಕ ಮಾಡಿಸಬೇಕಾದ ಕೆಲಸ.

ಹಳದಿ ಜ್ವರದ ಲಸಿಕೆ

ಘಾನಾ ಪ್ರವೇಶ ನಿಯಮಗಳಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು ಇದೇ. ಒಂಬತ್ತು ತಿಂಗಳು ತುಂಬಿದ ಎಲ್ಲ ಪ್ರವಾಸಿಗಳೂ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಅಂತರರಾಷ್ಟ್ರೀಯ ಪ್ರಮಾಣಪತ್ರ ತೋರಿಸಬೇಕು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. ಒಂದು ಸಲ ಹಾಕಿಸಿಕೊಂಡರೆ ಆಜೀವ ಸಿಂಧು. ಮೊದಲು ಹತ್ತು ವರ್ಷಕ್ಕೊಮ್ಮೆ ಚುಚ್ಚಿಸಿಕೊಳ್ಳಬೇಕಿತ್ತು; ವಿಶ್ವ ಆರೋಗ್ಯ ಸಭೆ 2014ರಲ್ಲಿ ಮಾಡಿದ ತಿದ್ದುಪಡಿ 2016ರ ಜುಲೈ 11ರಿಂದ ಜಾರಿಗೆ ಬಂತು. ಹಳೆಯ ಪುಸ್ತಕದಲ್ಲಿ ‘ಹತ್ತು ವರ್ಷ’ ಎಂದು ಬರೆದಿದ್ದರೂ ಅದೀಗ ಆಜೀವವೇ.

ಲಸಿಕೆ ಎಲ್ಲ ಆಸ್ಪತ್ರೆಗಳಲ್ಲೂ ಸಿಗದು. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯಮಾಡಿದ ಕೇಂದ್ರದ ಮೊಹರಿದ್ದರೆ ಮಾತ್ರ ಪ್ರಮಾಣಪತ್ರ ನಡೆಯುತ್ತದೆ. ಮುಂಬಯಿಯಲ್ಲಿ ವಿಮಾನ ನಿಲ್ದಾಣ ಆರೋಗ್ಯ ಸಂಸ್ಥೆ, ಬಂದರು ಆರೋಗ್ಯ ಸಂಸ್ಥೆಗಳಿಗೆ ಈ ಅಧಿಕಾರವಿದೆ. ಮಲಾಡಿನವರಿಗೆ ಹತ್ತಿರದ್ದು ಮೊದಲನೆಯದು. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಹೆಸರಾದದ್ದು. ಊರಿಗೆ ಹೋದಾಗ ಅಲ್ಲಿ ಹಾಕಿಸಿಕೊಂಡು ಬರುವವರೂ ಇದ್ದಾರೆ. ಒಂದು ಸೀಸೆಯಲ್ಲಿ ಹಲವರಿಗಾಗುವ ಮದ್ದು ಪುಡಿಯಾಗಿ ಇರುತ್ತದೆ. ದ್ರವ ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಆದ್ದರಿಂದಲೇ ಕೇಂದ್ರಗಳು ವಾರದ ಗೊತ್ತಾದ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರನ್ನು ಒಟ್ಟಿಗೆ ಕರೆಯುವುದು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುತ್ತಾರೆ.

ಪುಸ್ತಕದ ಪುಟವನ್ನು ಅಲ್ಲೇ ನಿಂತು ಓದಿಕೊಳ್ಳುವುದು ಜಾಣತನ. ಹೆಸರು, ಹುಟ್ಟಿದ ದಿನ, ಲಿಂಗ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ. ಕೆಳಗೆ ಹಾಕಿಸಿಕೊಂಡವರ ಸಹಿ. ಅದರಡಿ ಚೌಕಗಳ ಒಂದು ಸಾಲು: ಲಸಿಕೆಯ ಹೆಸರು, ದಿನಾಂಕ, ವೈದ್ಯರ ಸಹಿ, ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆ, ಯಾವಾಗಿನಿಂದ ಸಿಂಧು, ಕೇಂದ್ರದ ಮೊಹರು. ಬ್ಯಾಚ್ ಸಂಖ್ಯೆಯ ಚೌಕ ಖಾಲಿ ಉಳಿದಿದ್ದರೆ, ದಿನಾಂಕವನ್ನು ಹೊಡೆದು ತಿದ್ದಿದ್ದರೆ ಪ್ರಮಾಣಪತ್ರ ಅಸಿಂಧುವಾಗಬಹುದು. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಪಾಸ್‌ಪೋರ್ಟ್ ಬದಲಾದವರು ಹಳೆಯ ಸಂಖ್ಯೆಯನ್ನು ಪೆನ್ನಿನಲ್ಲಿ ತಾವೇ ತಿದ್ದಿಕೊಳ್ಳಬಾರದು. ಹಳೆಯ ಪಾಸ್‌ಪೋರ್ಟನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.

ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ, ಬೆಳೆಸುವುದು ಕೋಳಿಮೊಟ್ಟೆಯಲ್ಲಿ. ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ಪುಟ್ಟ ಕೂಸುಗಳಿಗೆ ಕೊಡುವಂತಿಲ್ಲ. ಬಸುರಿಯರು, 60 ದಾಟಿದವರು ಮೊದಲ ಸಲ ಹಾಕಿಸಿಕೊಳ್ಳುವಾಗ ವೈದ್ಯರು ಹಿತಾಹಿತ ತೂಗಿ ನೋಡುತ್ತಾರೆ. ಮಗನನ್ನೋ ಮಗಳನ್ನೋ ನೋಡಲು ಹೊರಟ ಹಿರಿಯರು ಹೊರಡುವ ವಾರದಲ್ಲಿ ಕೇಂದ್ರಕ್ಕೆ ಹೋಗಿ ಈ ಮಾತು ಕೇಳಿ ಬೆಪ್ಪಾಗುತ್ತಾರೆ. ಹಾಕಿಸಿಕೊಳ್ಳಲಾಗದವರಿಗೆ ವೈದ್ಯಕೀಯ ವಿನಾಯಿತಿ ಪತ್ರ ಕೊಡುವುದುಂಟು. ಆದರೆ ಅದನ್ನು ಒಪ್ಪುವುದು ಬಿಡುವುದು ಆಯಾ ದೇಶದ ಆರೋಗ್ಯಾಧಿಕಾರಿಗೆ ಸೇರಿದ್ದು.

ಈ ಲಸಿಕೆಯ ಮೂಲ ವೈರಸ್ ಸಿಕ್ಕಿದ್ದು ಘಾನಾದಲ್ಲೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1927ರ ಜೂನ್ 30ರಂದು ಗೋಲ್ಡ್ ಕೋಸ್ಟಿನ ಕ್ಪೆವೆ ಎಂಬ ಊರಿನಲ್ಲಿ ಜ್ವರದಿಂದ ಮಲಗಿದ್ದ ಅಸಿಬಿ ಎಂಬ 28 ವರ್ಷದ ಆಫ್ರಿಕನ್ನನಿಂದ ರಾಕ್‌ಫೆಲರ್ ಪ್ರತಿಷ್ಠಾನದ ಆಯೋಗದವರು ರಕ್ತ ತೆಗೆದರು. ಅದನ್ನು ಚುಚ್ಚಿದ ರೀಸಸ್ ಕೋತಿ ಸತ್ತಿತು. ಹಳದಿ ಜ್ವರಕ್ಕೆ ಕಾರಣ ಬ್ಯಾಕ್ಟೀರಿಯವಲ್ಲ, ಸೋಸಿದರೂ ದಾಟಿಹೋಗುವ ವೈರಸ್ ಎಂದು ಸಿದ್ಧವಾಯಿತು. ರೀಸಸ್ ನಮ್ಮ ದೇಶದ ಕೋತಿ, ಆಫ್ರಿಕದ್ದಲ್ಲ. ಅಲ್ಲಿಯ ಕೋತಿಗಳು ಈ ವೈರಸ್ಸಿಗೆ ಒಗ್ಗಿಹೋಗಿದ್ದರಿಂದ ಪ್ರಯೋಗ ಕೈಗೂಡುತ್ತಿರಲಿಲ್ಲ. ಅಸಿಬಿ ಬದುಕಿಕೊಂಡ. ಸಂಶೋಧಕರಲ್ಲಿ ಕೆಲವರು ಉಳಿಯಲಿಲ್ಲ: ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಾಗೋಸಿನಲ್ಲಿ, ಜಪಾನಿನ ಹಿದೆಯೊ ನೊಗುಚಿ 1928ರ ಮೇ 21ರಂದು ಅಕ್ರಾದಲ್ಲಿ, ಅದೇ ತಿಂಗಳು ವಿಲಿಯಂ ಯಂಗ್, ಎಲ್ಲರೂ ಇದೇ ಜ್ವರದಿಂದ ತೀರಿಕೊಂಡರು. ಅಸಿಬಿಯ ರಕ್ತದಿಂದ ಬಂದ ವೈರಸ್ಸನ್ನೇ ಸಾಲುಸಾಲಾಗಿ ಬೆಳೆಸಿ, ಅದರ ಹಲ್ಲು ಕಿತ್ತು, ದಕ್ಷಿಣ ಆಫ್ರಿಕ ಮೂಲದ ಮ್ಯಾಕ್ಸ್ ಥೀಲರ್ 1937ರಲ್ಲಿ 17ಡಿ ಎಂಬ ಲಸಿಕೆ ಮಾಡಿದರು. 1951ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಮುಂಬಯಿಯಲ್ಲಿ ಚುಚ್ಚುವುದೂ ಅದೇ ವಂಶದ ಲಸಿಕೆ.

ಮರಳಿ ಬರುವಾಗ

ಭಾರತದಲ್ಲಿ ಹಳದಿ ಜ್ವರವಿಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಧಾರಾಳವಾಗಿದೆ. ಮಳೆಗಾಲದಲ್ಲಿ ಮಲಾಡಿನ ಚಾಳುಗಳಲ್ಲಿ, ಹೌಸಿಂಗ್ ಸೊಸೈಟಿಗಳ ನೀರಿನ ಟಾಂಕಿ, ಹೂಕುಂಡಗಳಲ್ಲಿ ಪಾಲಿಕೆಯವರು ಹುಡುಕಾಡುವುದು ಇದೇ ಸೊಳ್ಳೆಯ ಮರಿಗಳನ್ನು. ಡೆಂಗೆ ಹರಡುವುದೂ ಅದೇ. ವೈರಸ್ ಹೊತ್ತ ಒಬ್ಬ ಪ್ರಯಾಣಿಕ ಬಂದಿಳಿದು, ಅವನನ್ನು ಇಲ್ಲಿಯ ಸೊಳ್ಳೆ ಕಚ್ಚಿದರೆ ಮುಂದೇನು ಎಂಬ ದಿಗಿಲು ಹಳೆಯದು. ಪನಾಮಾ ಕಾಲುವೆ 1914ರಲ್ಲಿ ತೆರೆಯುವ ಮೊದಲೇ ಅಂದಿನ ಭಾರತ ಸರ್ಕಾರ ಎಸ್.ಪಿ. ಜೇಮ್ಸ್ ಎಂಬ ವೈದ್ಯಾಧಿಕಾರಿಯಿಂದ ಈ ಅಪಾಯದ ಬಗ್ಗೆ ವರದಿ ತರಿಸಿಕೊಂಡಿತ್ತು. ದಿಗಿಲು ಬರಿಯ ಕಲ್ಪನೆಯಲ್ಲವೆಂದು 2016ರಲ್ಲಿ ತಿಳಿಯಿತು: ಅಂಗೋಲದಿಂದ ಮರಳಿದ ಚೀನದ 11 ಮಂದಿಯಲ್ಲಿ ಹಳದಿ ಜ್ವರ ಕಾಣಿಸಿಕೊಂಡಿತು.

ಹೀಗಾಗಿ 1954ರ ವಿಮಾನ ಸಾರ್ವಜನಿಕ ಆರೋಗ್ಯ ನಿಯಮಗಳು, 1955ರ ಬಂದರು ಆರೋಗ್ಯ ನಿಯಮಗಳು ಇಂದಿಗೂ ಬಿಗಿಯಾಗಿವೆ. ಹಳದಿ ಜ್ವರದ ದೇಶದಿಂದ ಹೊರಟ ಆರು ದಿನಗಳೊಳಗೆ ಭಾರತ ತಲುಪುವ ಯಾರೇ ಆದರೂ, ಭಾರತೀಯರೂ ಸೇರಿ, ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಸದಲ್ಲಿ ಇಡುತ್ತಾರೆ. ಆರು ತಿಂಗಳೊಳಗಿನ ಕೂಸುಗಳಿಗೆ ಮಾತ್ರ ವಿನಾಯಿತಿ. ಘಾನಾ ಒಂಬತ್ತು ತಿಂಗಳ ಕೆಳಗಿನ ಮಗುವಿಗೆ ಲಸಿಕೆ ಕೇಳುವುದಿಲ್ಲ, ಭಾರತ ಆರು ತಿಂಗಳ ಮೇಲಿನವರಿಗೆಲ್ಲ ಕೇಳುತ್ತದೆ. ಈ ಎರಡರ ನಡುವಿನ ಮೂರು ತಿಂಗಳ ಸಂದಿನಲ್ಲಿರುವ ಮಗುವನ್ನು ಕರೆದೊಯ್ಯುವ ತಂದೆತಾಯಿ ಮೊದಲೇ ಆರೋಗ್ಯಾಧಿಕಾರಿಯನ್ನು ಕೇಳಿಕೊಳ್ಳಬೇಕು.

ಸಹಾರದಲ್ಲಿ ಆರೋಗ್ಯ ಕೌಂಟರ್ ಬರುವುದು ವಲಸೆ ಸಾಲಿಗಿಂತ ಮೊದಲು. ರಾತ್ರಿಯೆಲ್ಲ ಕೂತು ಬಂದವರು ಪುಸ್ತಕವನ್ನು ಕಾರ್ಗೋ ಬ್ಯಾಗಿನಲ್ಲಿ ಹಾಕಿಬಿಟ್ಟಿದ್ದರೆ ಅಲ್ಲಿ ಪೇಚು. ಬ್ಯಾಗು ಬೆಲ್ಟಿನ ಮೇಲೆ ಬರುವುದು ವಲಸೆ ದಾಟಿದ ಮೇಲೆ, ವಲಸೆ ದಾಟಲು ಪುಸ್ತಕ ಬೇಕು. ಪಾಸ್‌ಪೋರ್ಟಿನ ಕವರಿನೊಳಗೇ ಅದರ ಜಾಗ. ಹಳದಿ ಜ್ವರದ ದೇಶಗಳಿಂದ ಬರುವ ವಿಮಾನಗಳಿಗೆ ಕೀಟನಾಶಕ ಸಿಂಪಡಿಸುವುದೂ, ನಿಲ್ದಾಣದ ಸುತ್ತ 400 ಮೀಟರಿನಲ್ಲಿ ಸೊಳ್ಳೆ ಮರಿ ಆಗದಂತೆ ನೋಡಿಕೊಳ್ಳುವುದೂ ಇದೇ ವ್ಯವಸ್ಥೆಯ ಭಾಗ.

ದಾರಿ ಮತ್ತು ಹಣ

ಮುಂಬಯಿಯಿಂದ ಅಕ್ರಾಗೆ ನೇರ ವಿಮಾನವಿಲ್ಲ. ರೂಢಿಯ ದಾರಿಗಳು ಎರಡು: ಎಮಿರೇಟ್ಸ್‌ನಲ್ಲಿ ದುಬೈ ಮೂಲಕ, ಇಥಿಯೋಪಿಯನ್ ಏರ್‌ಲೈನ್ಸ್‌ನಲ್ಲಿ ಅದ್ದಿಸ್ ಅಬಾಬಾ ಮೂಲಕ. ಇಥಿಯೋಪಿಯವೂ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ನಿಲ್ದಾಣದಿಂದ ಹೊರಬೀಳದೆ ವಿಮಾನ ಬದಲಿಸಿದವರಿಗೆ, ಆರೋಗ್ಯಾಧಿಕಾರಿಗೆ ಒಪ್ಪಿಗೆಯಾದರೆ, ವಿನಾಯಿತಿ ಇದೆ. ಘಾನಾಕ್ಕೇ ಹೋಗಿಬಂದವರಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಯೂರೋಪ್ ಸುತ್ತಿ ಹೋಗುವ ಅಗ್ಗದ ಟಿಕೆಟ್ ಕಂಡರೆ ಎಚ್ಚರ: ಲಂಡನ್ನಿನಲ್ಲಿ, ಕೆಲವು ಷೆಂಗೆನ್ ದೇಶಗಳಲ್ಲಿ ಬರಿಯ ವಿಮಾನ ಬದಲಿಸುವುದಕ್ಕೂ ಭಾರತೀಯರು ಟ್ರಾನ್ಸಿಟ್ ವೀಸಾ ಪಡೆಯಬೇಕಾಗುತ್ತದೆ. ಎರಡು ಬೇರೆ ಟಿಕೆಟ್ ಕೊಂಡವರು ನಡುವಿನ ದೇಶದಲ್ಲಿ ಬ್ಯಾಗು ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಅಂದರೆ ಆ ದೇಶದ ವೀಸಾವೂ ಬೇಕು. ದಾಖಲೆ ಸರಿಯಿಲ್ಲದವರನ್ನು ಒಯ್ದರೆ ಮರಳಿ ತರುವ ಹೊರೆ ವಿಮಾನ ಸಂಸ್ಥೆಯದೇ ಆದ್ದರಿಂದ ಘಾನಾದ ನಿಯಮವನ್ನು ಮೊದಲು ಜಾರಿಮಾಡುವವರು ಮುಂಬಯಿಯ ಚೆಕ್-ಇನ್ ಸಿಬ್ಬಂದಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಪ್ರವಾಸಿ ನಗದಾಗಿ ಒಯ್ಯಬಹುದಾದದ್ದು ಒಂದು ಸಲಕ್ಕೆ 3,000 ಡಾಲರ್, ಉಳಿದದ್ದು ಕಾರ್ಡಿನಲ್ಲಿ. ಭಾರತದ ನೋಟು 25,000 ರೂಪಾಯಿವರೆಗೆ. ಘಾನಾದ ನಾಣ್ಯ ಸೆಡಿ. ಅದು ಮುಂಬಯಿಯ ಮನಿ ಚೇಂಜರುಗಳಲ್ಲಿ ಸಿಗುವಂಥದ್ದಲ್ಲ, ಡಾಲರ್ ಒಯ್ದು ಅಲ್ಲಿ ಬದಲಾಯಿಸಿಕೊಳ್ಳುವುದೇ ವಾಡಿಕೆ.

ಅಕ್ರಾದಲ್ಲಿ

ಇಳಿದೊಡನೆ ಮೊದಲು ಆರೋಗ್ಯ ಸಿಬ್ಬಂದಿ, ಹಳದಿ ಪುಸ್ತಕ. ಆಮೇಲೆ ವಲಸೆ ಕೌಂಟರ್, ಬೆರಳಚ್ಚು, ನಾಲ್ಕಾರು ಪ್ರಶ್ನೆ. ಎಲ್ಲಿ ಉಳಿಯುತ್ತೀರಿ, ಯಾರ ಹತ್ತಿರ, ಎಷ್ಟು ದಿನ. ಇಲ್ಲಿ ತಿಳಿದಿರಬೇಕಾದದ್ದೊಂದಿದೆ. ವೀಸಾದ ಮೇಲಿನ ಅವಧಿ ದೇಶದ ಬಾಗಿಲಿಗೆ ಬರಲು ಕೊಟ್ಟ ಗಡುವು. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಅಧಿಕಾರಿ ಮೊಹರಿನ ಪಕ್ಕ ಬರೆದುಕೊಡುತ್ತಾನೆ. ಅದು ಹೆಚ್ಚೆಂದರೆ 60 ದಿನ, ಕೆಲವೊಮ್ಮೆ 30, ಕೆಲವೊಮ್ಮೆ ಅದಕ್ಕೂ ಕಡಿಮೆ. ಮೂರು ತಿಂಗಳ ವೀಸಾ ಇದೆಯಲ್ಲ ಎಂದು ನೆಮ್ಮದಿಯಾಗಿದ್ದವರು ಹೊರಡುವ ದಿನ ದಂಡ ಕಟ್ಟಬೇಕಾಗುತ್ತದೆ. ಕೌಂಟರ್ ಬಿಡುವ ಮುಂಚೆಯೇ ಮೊಹರಿನ ಅಂಕಿ ಓದಿಕೊಳ್ಳಬೇಕು. ಕಡಿಮೆಯಿದ್ದರೆ ಅಲ್ಲೇ ವಿನಯದಿಂದ ಕೇಳಬಹುದು. ಮುಗಿಯುವ ಮೊದಲೇ ಇಮಿಗ್ರೇಷನ್ ಸರ್ವಿಸ್ ಕಚೇರಿಯಲ್ಲಿ ಶುಲ್ಕ ಕಟ್ಟಿ ಅವಧಿ ಹೆಚ್ಚಿಸಿಕೊಳ್ಳಲೂ ಬರುತ್ತದೆ.

ಪ್ರವಾಸಿಗೆ ಗೊತ್ತಿಲ್ಲದೆ ತಪ್ಪಾಗುವ ಸಂಗತಿಗಳು ಕೆಲವು. ಸೈನಿಕರಂಥ ಚಿತ್ತಾರದ ಬಟ್ಟೆ ನಾಗರಿಕರು ತೊಡುವಂತಿಲ್ಲ. ಮಲಾಡ್ ಸ್ಟೇಷನ್ನಿನ ಹೊರಗೆ ರಾಶಿಬಿದ್ದಿರುವ ಕ್ಯಾಮೊಫ್ಲಾಜ್ ಪ್ಯಾಂಟು ಮನೆಯಲ್ಲೇ ಇರಲಿ. ಜುಬಿಲಿ ಹೌಸ್, ಸೇನಾ ನೆಲೆ, ವಿಮಾನ ನಿಲ್ದಾಣದ ಫೋಟೊ ತೆಗೆಯಬಾರದು. ಪರವಾನಗಿ ಇಲ್ಲದವರಿಂದ ಚಿನ್ನದ ಪುಡಿ, ಗಟ್ಟಿ ಕೊಳ್ಳುವುದು ಅಪರಾಧ. ಅಗ್ಗದ ಚಿನ್ನದ ಆಸೆ ತೋರಿಸಿ ಮೋಸಮಾಡುವವರ ಜಾಲ ಅಂತರರಾಷ್ಟ್ರೀಯವಾಗಿಯೇ ಕುಖ್ಯಾತ. ಮಲೇರಿಯ ಇರುವ ದೇಶವಾದ್ದರಿಂದ ಮುನ್ನೆಚ್ಚರಿಕೆಯ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು.

ಪ್ರವಾಸಿಗಳು ಹೆಚ್ಚಾಗಿ ಹೋಗುವುದು ಕೇಪ್ ಕೋಸ್ಟ್, ಎಲ್ಮಿನಾ ಕೋಟೆಗಳಿಗೆ. 1979ರಿಂದ ಇವು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು ಕಟ್ಟತೊಡಗಿದ್ದು 1482ರಲ್ಲಿ. ಮಲಾಡಿನ ಮಢ್ ಕೋಟೆಯೂ ಪೋರ್ಚುಗೀಸರದೇ. 1739ರಲ್ಲಿ ಮರಾಠರು ಅದನ್ನು ಗೆದ್ದರು. ಎಲ್ಮಿನಾದ ನೆಲಮಾಳಿಗೆಗಳಿಂದ ಗುಲಾಮರಾಗಿ ಹಡಗೇರಿದವರಿಗೆ ಪ್ರವೇಶಪತ್ರ, ಮರಳುವ ಟಿಕೆಟ್ ಯಾವುದೂ ಇರಲಿಲ್ಲ.

ನೆರೆಯ ದೇಶಗಳು

ಪಶ್ಚಿಮ ಆಫ್ರಿಕದ ದೇಶಗಳು 1975ರಲ್ಲಿ ಲಾಗೋಸಿನಲ್ಲಿ ಎಕೋವಾಸ್ ಎಂಬ ಆರ್ಥಿಕ ಸಮುದಾಯ ಕಟ್ಟಿಕೊಂಡವು. 1979ರ ಒಡಂಬಡಿಕೆಯಂತೆ ಅವುಗಳ ನಾಗರಿಕರು ಒಂದು ದೇಶದಿಂದ ಇನ್ನೊಂದಕ್ಕೆ 90 ದಿನ ವೀಸಾ ಇಲ್ಲದೆ ಹೋಗಬಹುದು. ಮಾಲಿ, ಬುರ್ಕಿನಾ ಫಾಸೊ, ನೈಜರ್ 2025ರ ಜನವರಿಯಲ್ಲಿ ಈ ಕೂಟದಿಂದ ಹೊರಬಿದ್ದವು. ಭಾರತೀಯನಿಗೆ ಆ ಒಡಂಬಡಿಕೆಯಿಂದ ಏನೂ ದಕ್ಕದು. ಯೂರೋಪಿನಂತೆ ಒಂದು ವೀಸಾದಲ್ಲಿ ಹತ್ತು ದೇಶ ಸುತ್ತುವ ಅನುಕೂಲ ಇಲ್ಲಿಲ್ಲ. ಐವರಿ ಕೋಸ್ಟ್, ಬೆನಿನ್, ಟೋಗೊ, ಬುರ್ಕಿನಾ ಫಾಸೊ, ನೈಜರ್ ಐದಕ್ಕೂ ಸಲ್ಲುವ ‘ಆಂತಾಂತ್’ ವೀಸಾ ಎಂಬುದೊಂದು ಇತ್ತಾದರೂ ಘಾನಾ ಅದರಲ್ಲಿ ಸೇರಿರಲಿಲ್ಲ.

ಅಕ್ರಾದಿಂದ ಪೂರ್ವಕ್ಕೆ ಹೋದರೆ ಅಫ್ಲಾವೊ ಗಡಿ. ಗೇಟು ದಾಟಿದರೆ ಟೋಗೊದ ರಾಜಧಾನಿ ಲೋಮೆ ಅಲ್ಲೇ ಶುರು. ಒಂದು ದಿನಕ್ಕೆ ನೋಡಿಬರೋಣ ಎಂದು ಏಕಪ್ರವೇಶ ವೀಸಾದವರು ದಾಟಿದರೆ ಘಾನಾ ವೀಸಾ ಅಲ್ಲಿಗೆ ಖರ್ಚಾಯಿತು, ಮರಳಲು ಹೊಸದು ಬೇಕು. ಹೀಗೆ ಸುತ್ತುವ ಯೋಚನೆಯಿದ್ದವರು ಬಹುಪ್ರವೇಶಕ್ಕೇ ಅರ್ಜಿ ಹಾಕಬೇಕು. ಟೋಗೊ, ಬೆನಿನ್ ಆನ್‌ಲೈನಿನಲ್ಲೇ ವೀಸಾ ಕೊಡುತ್ತವೆ. ಐವರಿ ಕೋಸ್ಟಿಗೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಅಬಿಜಾನ್ ವಿಮಾನ ನಿಲ್ದಾಣದಲ್ಲಿ ವೀಸಾ ಪಡೆಯುವ ಕ್ರಮವಿದೆ. ಎಲುಬೊ ಗಡಿಯಲ್ಲಿ ಬಸ್ಸಿಳಿದು ದಾಟುವವರಿಗೆ ಇದು ಒದಗದು. ನೈಜೀರಿಯ 2025ರ ಮೇಯಿಂದ ಇಳಿದ ಮೇಲಿನ ವೀಸಾ ಬದಲು ಇ-ವೀಸಾ ತಂದಿತು. ಭಾರತೀಯರಿಗೆ ಸಲೀಸಾದವು ಈ ಭಾಗದಲ್ಲಿ ಸೆನೆಗಲ್, ಕೇಪ್ ವರ್ಡೆ, ಗಿನಿ-ಬಿಸ್ಸಾವ್, ಸಿಯೆರಾ ಲಿಯೋನ್. ಅಲ್ಲಿ ವೀಸಾ ಬೇಡ, ಇಲ್ಲವೇ ಇಳಿದ ಮೇಲೆ ಸಿಗುತ್ತದೆ. ವೀಸಾ ಸಡಿಲವಿದ್ದಲ್ಲೂ ಹಳದಿ ಪುಸ್ತಕ ಬಿಟ್ಟುಹೋಗುವಂತಿಲ್ಲ: ಸೆನೆಗಲ್, ಸಿಯೆರಾ ಲಿಯೋನ್, ಗಿನಿ-ಬಿಸ್ಸಾವ್ ಮೂರೂ ಹಳದಿ ಜ್ವರದ ಪಟ್ಟಿಯಲ್ಲಿವೆ, ಅಲ್ಲಿಂದ ಬಂದವರನ್ನೂ ಸಹಾರದ ಆರೋಗ್ಯ ಕೌಂಟರ್ ಕೇಳುತ್ತದೆ.